ಅಕ್ಕಿಗೂ ಗಾಂಜಾಕ್ಕೂ ಒಂದೇ 'ಸಟೈವಾ' ಯಾಕೆ? ಒಂದು ಲ್ಯಾಟಿನ್ ಪದದ ಅರ್ಥ, ಮೂಲ, ವ್ಯಾಕರಣ

ಫೇಸ್‌ವಾಶ್, ಕ್ರೀಮು, ಶಾಂಪೂ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿಯೇ ಕೊಳ್ಳುವವರು ಈಗ ಜಾಸ್ತಿ. ಹಾಗೆ ಓದುವಾಗ ಒಂದರಲ್ಲಿ 'ಒರೈಜಾ ಸಟೈವಾ ಬ್ರಾನ್ ಆಯಿಲ್' ಅಂತ ಇರುತ್ತದೆ. ಇನ್ನೊಂದರಲ್ಲಿ 'ಕುಕ್ಯುಮಿಸ್ ಸಟೈವಸ್ ಎಕ್ಸ್‌ಟ್ರಾಕ್ಟ್'. ಮತ್ತೊಂದರಲ್ಲಿ 'ನೈಜೆಲ್ಲಾ ಸಟೈವಾ ಸೀಡ್ ಆಯಿಲ್'. ಇದೇನಪ್ಪಾ ಎಂದು ಮೊಬೈಲಿನಲ್ಲಿ ಬರೀ 'ಸಟೈವಾ' ಅಂತ ಹುಡುಕಿದರೆ ಎದುರಿಗೆ ಬರುವುದು ಗಾಂಜಾ ಕಥೆ. ಮುಖಕ್ಕೆ ಹಚ್ಚಿಕೊಳ್ಳುತ್ತಿರುವುದು ಏನನ್ನು ಎಂದು ಗಾಬರಿಯಾಗುವುದು ಸಹಜ ಅಲ್ವಾ?

ಗಾಬರಿ ಬೇಡ. ಮೊದಲನೆಯದು ಅಕ್ಕಿ ತೌಡಿನ ಎಣ್ಣೆ. ಎರಡನೆಯದು ಸೌತೆಕಾಯಿ ಸಾರ. ಮೂರನೆಯದು ಕಲೋಂಜಿ ಎಣ್ಣೆ.

ಪಿಯುಸಿ ಜೀವಶಾಸ್ತ್ರ ಓದುವವರಿಗೆ, ನೀಟ್‌ಗೆ ಕೂರುವವರಿಗೆ ಇದೇ ಪದ ಬೇರೆ ಥರದ ತಲೆನೋವು. ಭತ್ತಕ್ಕೆ 'ಸಟೈವಾ', ಬಟಾಣಿಗೆ 'ಸಟೈವಮ್', ಸೌತೆಗೆ 'ಸಟೈವಸ್'. ಯಾವುದಕ್ಕೆ ಯಾವ ಬಾಲ ಎಂದು ಸುಮ್ನೆ ಉರು ಹೊಡೆಯುತ್ತಾರೆ. ಇದರ ಹಿಂದೆ ಒಂದು ಲೆಕ್ಕವಿದೆ. ಅದು ಗೊತ್ತಾದರೆ ಉರು ಹೊಡೆಯುವ ಕೆಲಸ ಅರ್ಧ ಕಡಿಮೆ.

ಮೊದಲು ಅರ್ಥ

ಸಟೈವಾ ಎನ್ನುವುದು ಯಾವ ಗಿಡದ ಹೆಸರೂ ಅಲ್ಲ. ಅದೊಂದು ಗುಣವಾಚಕ. ಕನ್ನಡದಲ್ಲಿ 'ದೊಡ್ಡ', 'ಬಿಳಿ', 'ಹಳೆಯ' ಇದ್ದ ಹಾಗೆ, ನಾಮಪದದ ಜೊತೆ ನಿಂತು ಅದರ ಗುಣ ಹೇಳುವ ಪದ. ಲ್ಯಾಟಿನ್‌ನಲ್ಲಿ ಇದರ ಅರ್ಥ 'ಬಿತ್ತಿ ಬೆಳೆದ', 'ನೆಟ್ಟು ಬೆಳೆಸಿದ'. ತಾನಾಗಿ ಹುಟ್ಟಿದ್ದಲ್ಲ, ಮನುಷ್ಯ ಹೊಲದಲ್ಲೋ ಹಿತ್ತಲಲ್ಲೋ ಹಾಕಿ ಬೆಳೆಸಿದ್ದು ಎಂದು. ಅಷ್ಟೇ.

'ಸಟೈವಾ' ಎನ್ನುವುದು ಇಂಗ್ಲಿಷ್ ಓದುವ ರೀತಿ. ರೋಮನ್ನರ ಉಚ್ಚಾರ 'ಸತೀವ'ಕ್ಕೆ ಹತ್ತಿರ. ನಮ್ಮ 'ತ' ಹಾಗೆ ಹಲ್ಲಿಗೆ ತಾಗುವ ತ, ಎಳೆದು ಹೇಳುವ ಈ, ಒತ್ತು ಬೀಳುವುದೂ ಆ ಈ ಮೇಲೆಯೇ. ಹೀಗೆ ನೋಡಿದರೆ ಲ್ಯಾಟಿನ್ ಬರೆಯಲು ಇಂಗ್ಲಿಷ್ ಓದಿಗಿಂತ ಕನ್ನಡ ಲಿಪಿಯೇ ವಾಸಿ. ನಿಘಂಟಿನಲ್ಲಿ ಈ ಪದ ಮೂರು ರೂಪದಲ್ಲಿ ಒಟ್ಟಿಗೆ ಸಿಗುತ್ತದೆ: ಸತೀವುಸ್, ಸತೀವ, ಸತೀವುಮ್. ಇನ್ನು ಮುಂದೆ ನಾನೂ ಹಾಗೆಯೇ ಬರೆಯುತ್ತೇನೆ. ಕಾಲೇಜಿನಲ್ಲಿ ಕೇಳುವ ಸಟೈವಸ್, ಸಟೈವಾ, ಸಟೈವಮ್ ಅಂದರೆ ಇವೇ.

ನಮ್ಮ ಅಡುಗೆಮನೆಯಲ್ಲಿ ಈ ಪದ ಎಷ್ಟು ಕಡೆ ಇದೆ ನೋಡಿ. ಭತ್ತ ಒರೀಜ ಸತೀವ. ಬೆಳ್ಳುಳ್ಳಿ ಅಲ್ಲಿಯುಮ್ ಸತೀವುಮ್. ಕೊತ್ತಂಬರಿ ಕೊರಿಯಾಂಡ್ರುಮ್ ಸತೀವುಮ್. ಮೆಂಡೆಲ್ ಪ್ರಯೋಗಗಳಿಂದ ಎಲ್ಲರಿಗೂ ಗೊತ್ತಿರುವ ಬಟಾಣಿ ಪೀಸುಮ್ ಸತೀವುಮ್. ಸೌತೆ ಕುಕುಮಿಸ್ ಸತೀವುಸ್, ಮೂಲಂಗಿ ರಫನುಸ್ ಸತೀವುಸ್. ಪಾಯಸಕ್ಕೆ ಹಾಕುವ ಕೇಸರಿ ಕ್ರೊಕುಸ್ ಸತೀವುಸ್. ಸ್ಯಾಂಡ್‌ವಿಚ್ಚಿನ ಲೆಟಿಸ್ ಲಕ್ತೂಕ ಸತೀವ, ಬೆಳಗಿನ ಓಟ್ಸ್ ಅವೇನ ಸತೀವ. ಹಸುವಿಗೆ ಹಾಕುವ ಲೂಸರ್ನ್ ಸೊಪ್ಪೂ ಮೆಡಿಕಾಗೊ ಸತೀವ. ಈ ಸಾಲಿನಲ್ಲೇ ಕನ್ನಬಿಸ್ ಸತೀವ ಅಂದರೆ ಗಾಂಜಾ ಗಿಡವೂ ಕೂತಿದೆ.

ಒಂದು ಎಚ್ಚರಿಕೆ. 'ಬೆಳೆಸಿದ್ದು' ಎಂದರೆ 'ಒಳ್ಳೆಯದು' ಎಂದಲ್ಲ. ಕೇಸರಿ ಬೇಳೆಯ ಹೆಸರು ಲಥಿರುಸ್ ಸತೀವುಸ್. ಇದನ್ನೇ ಮುಖ್ಯ ಆಹಾರ ಮಾಡಿಕೊಂಡು ತಿಂಗಳುಗಟ್ಟಲೆ ತಿಂದವರಿಗೆ ಕಾಲಿನ ಸ್ವಾಧೀನ ತಪ್ಪುವ ಕಾಯಿಲೆ ಬಂದದ್ದುಂಟು. ಅದಕ್ಕೂ ಈ ಪದ ಇದೆ, ಪಾಯಸದ ಕೇಸರಿಗೂ ಇದೆ. ಇಬ್ಬರು 'ಕೇಸರಿ'ಗಳು, ಇಬ್ಬರೂ ಸತೀವುಸ್, ಸಂಬಂಧ ಮಾತ್ರ ಇಲ್ಲ. ಪದ ಹೇಳುವುದು ಗಿಡವನ್ನು ಮನುಷ್ಯ ಬೆಳೆಸುತ್ತಾನೆ ಎನ್ನುವ ಒಂದೇ ಸಂಗತಿ. ರುಚಿ, ಔಷಧಿ, ವಿಷ, ಅಮಲು ಯಾವುದರ ಬಗ್ಗೆಯೂ ಅದು ಬಾಯಿ ಬಿಡುವುದಿಲ್ಲ.

ಕಾಡಿನದಲ್ಲ, ಹೊಲದ್ದು

ಈ ಪದ ಯಾಕೆ ಬೇಕಾಯಿತು? ಒಂದೇ ಜಾತಿಯ ಗಿಡ ಕಾಡಲ್ಲೂ ಇರುತ್ತದೆ, ತೋಟದಲ್ಲೂ ಇರುತ್ತದೆ. ಎರಡನ್ನೂ ಬೇರೆ ಮಾಡಿ ಹೇಳಬೇಕಲ್ಲ. ನಮ್ಮಲ್ಲಿ 'ಕಾಡು ಮಾವು', 'ಕಾಡು ಬಾಳೆ' ಅಂದ ಹಾಗೆ ರೋಮನ್ನರು ಕಾಡಿನದಕ್ಕೆ 'ಸಿಲ್ವೆಸ್ಟ್ರಿಸ್' ಅಂದರು. ಸಿಲ್ವ ಎಂದರೆ ಕಾಡು. ಬೆಳೆಸಿದ್ದಕ್ಕೆ 'ಸತೀವುಸ್' ಅಂದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಪ್ಲಿನಿ ನಿಸರ್ಗದ ಬಗ್ಗೆ 37 ಭಾಗಗಳ ದೊಡ್ಡ ಗ್ರಂಥ ಬರೆದಿದ್ದ. ಅದರಲ್ಲಿ ಗಿಡಗಳ ವಿಷಯ ಬಂದಾಗ ಈ ಎರಡು ಪದಗಳು ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ: ಇದು ಬೆಳೆಸಿದ್ದು, ಅದು ಕಾಡಿನದು.

ಸಿಲ್ವೆಸ್ಟ್ರಿಸ್ ನಮ್ಮೂರಲ್ಲೂ ಇದೆ. ಈಚಲು ಮರದ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್. ಖರ್ಜೂರದ ಕುಲದಲ್ಲಿ ಕಾಡಿನದು ಎಂದು ಅರ್ಥ.

ರೋಮ್ ಮುಳುಗಿದರೂ ಲ್ಯಾಟಿನ್ ಯುರೋಪಿನಲ್ಲಿ ಓದುಬರಹದ ಭಾಷೆಯಾಗಿ ಉಳಿಯಿತು. ಗಿಡಮೂಲಿಕೆ ಪುಸ್ತಕಗಳಲ್ಲಿ ಸತೀವುಸ್ ಕೂಡ ಉಳಿಯಿತು. 1623ರಲ್ಲಿ ಕಾಸ್ಪರ್ ಬೌಹಿನ್ ಸುಮಾರು 6000 ಗಿಡಗಳ ಪಟ್ಟಿ ತಂದ. ಅಲ್ಲೂ ಇದು ತುಂಬ ಕಡೆ ಇದೆ. ಆದರೆ ಆ ಕಾಲದಲ್ಲಿ ಗಿಡದ ಹೆಸರು ಎಂದರೆ ಒಂದು ಸಣ್ಣ ವರ್ಣನೆಯೇ: ಎಲೆ ಹೀಗೆ, ಕಾಂಡ ಹೀಗೆ, ಹೂವು ಹೀಗೆ ಎಂದು ಅರ್ಧ ಸಾಲು ಲ್ಯಾಟಿನ್. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಷೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಪ್ರತಿ ಗಿಡಕ್ಕೂ ಎರಡೇ ಪದದ ಚಿಕ್ಕ ಹೆಸರು ಕೊಟ್ಟ. ಸಸ್ಯಗಳ ಹೆಸರಿನ ಲೆಕ್ಕ ಇಂದಿಗೂ ಶುರುವಾಗುವುದು ಆ ಪುಸ್ತಕದಿಂದ.

ಎರಡು ಪದದ ಉಪಾಯ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಊರಲ್ಲಿ ನಾಲ್ಕು ಜನ ಮಂಜಣ್ಣ ಇದ್ದರೆ ಒಬ್ಬರು ಅಂಗಡಿ ಮಂಜಣ್ಣ, ಒಬ್ಬರು ಮೇಷ್ಟ್ರು ಮಂಜಣ್ಣ ಆಗುತ್ತಾರೆ. ಅದರಂತೆ ಮೊದಲ ಪದ ಕುಲ, ಎರಡನೆಯದು ಆ ಕುಲದಲ್ಲಿ ಇದು ಯಾವುದು ಎಂದು ತೋರಿಸುವ ಗುರುತು. ಲಿನೇಯಸ್‌ಗೆ ಬೆಳೆಗಳ ಹೆಸರಿಡುವಾಗ ಕೈಗೆ ಸುಲಭವಾಗಿ ಸಿಕ್ಕ ಗುರುತು ಸತೀವುಸ್. ಹಾಗಾಗಿ ಮೇಲೆ ಹೇಳಿದ ಭತ್ತ, ಬೆಳ್ಳುಳ್ಳಿ, ಕೊತ್ತಂಬರಿ, ಸೌತೆ, ಮೂಲಂಗಿ, ಗಾಂಜಾ ಎಲ್ಲಕ್ಕೂ ಈ ಹೆಸರು ಬಂದದ್ದು ಅದೇ 1753ರ ಪುಸ್ತಕದಲ್ಲಿ.

ಬೆಳೆದದ್ದೆಲ್ಲ ಸತೀವುಸ್ ಆಗಲಿಲ್ಲ ಅನ್ನುವುದೂ ನಿಜ. ರಾಗಿ, ತೆಂಗು, ಬದನೆ, ಈರುಳ್ಳಿಗೆ ಬೇರೆ ಗುರುತುಗಳಿವೆ. ಭತ್ತದಲ್ಲೇ ಆಫ್ರಿಕಾದವರು ಪಳಗಿಸಿ ಬೆಳೆದ ಇನ್ನೊಂದು ಭತ್ತ ಇದೆ. ಅದರ ಹೆಸರು ಒರೀಜ ಗ್ಲಬೆರ್ರಿಮ. ಅದೂ ಬಿತ್ತಿ ಬೆಳೆದದ್ದೇ, ಆದರೆ ಸತೀವ ಹೆಸರು ಮೊದಲೇ ಏಷ್ಯಾದ ಭತ್ತಕ್ಕೆ ಹೋಗಿತ್ತು.

ಬಿತ್ತಲಾಗದ 'ಬಿತ್ತನೆ'

ಕೇಸರಿ ಗಿಡವನ್ನು ಯಾರೂ ಬೀಜ ಹಾಕಿ ಬೆಳೆಯುವುದಿಲ್ಲ. ಬೆಳೆಯಲು ಆಗುವುದೂ ಇಲ್ಲ. ಸಾಮಾನ್ಯ ಗಿಡಗಳಲ್ಲಿ ವರ್ಣತಂತುಗಳ ಎರಡು ಸೆಟ್ ಇದ್ದರೆ ಕೇಸರಿಯಲ್ಲಿ ಮೂರು ಸೆಟ್ ಇವೆ, ಒಟ್ಟು 24. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು. ಹಾಗಾಗಿ ಅದರಲ್ಲಿ ಬೀಜ ಕಟ್ಟುವುದಿಲ್ಲ. ಕಾಶ್ಮೀರದ ಪಾಂಪೋರಿನಲ್ಲಿ ಆಗಲಿ, ಇರಾನಿನಲ್ಲಿ ಆಗಲಿ, ನೆಲದಡಿಯ ಗೆಡ್ಡೆಗಳನ್ನು ಬಿಡಿಸಿ ಮತ್ತೆ ನೆಡುತ್ತಾರೆ. ಮನುಷ್ಯ ನೆಡುವುದನ್ನು ನಿಲ್ಲಿಸಿದರೆ ಆ ಗಿಡದ ಕಥೆ ಮುಗಿದಂತೆ. ಬೆಳ್ಳುಳ್ಳಿಯೂ ಹೆಚ್ಚುಕಮ್ಮಿ ಇದೇ ಜಾತಿ. ನಾವು ನಾಟಿ ಮಾಡುವುದು ಎಸಳನ್ನು, ಬೀಜವನ್ನಲ್ಲ.

ಹಾಗಾದರೆ 'ಬಿತ್ತಿದ' ಎಂಬ ಹೆಸರು ತಪ್ಪೇ? ಅಲ್ಲ. ಲ್ಯಾಟಿನ್‌ನಲ್ಲಿ ಈ ಪದದ ಹಿಂದಿರುವ ಕ್ರಿಯಾಪದಕ್ಕೆ ಬೀಜ ಎರಚುವುದೂ ಅರ್ಥ, ಸಸಿ, ಗೆಡ್ಡೆ ನೆಡುವುದೂ ಅರ್ಥ. ರೈತ ಕೈಯಾರೆ ಮಣ್ಣಿಗೆ ಹಾಕಿದ್ದೆಲ್ಲ ಅದರೊಳಗೆ ಬರುತ್ತದೆ. ಆ ಅರ್ಥದಲ್ಲಿ ನೋಡಿದರೆ ಕೇಸರಿಯಷ್ಟು ಪಕ್ಕಾ ಸತೀವುಸ್ ಇನ್ನೊಂದಿಲ್ಲ.

ಇದಕ್ಕೆ ತದ್ವಿರುದ್ಧ ಗಾಂಜಾ. ಹೆಸರಲ್ಲಿ 'ಬೆಳೆಸಿದ' ಎಂದಿದ್ದರೂ ಹಿಮಾಲಯದ ತಪ್ಪಲಿನ ರಸ್ತೆ ಬದಿಯಲ್ಲಿ ಅದು ಯಾರೂ ಕೇಳದೆ ಕಳೆಯಂತೆ ಬೆಳೆದು ನಿಂತಿರುತ್ತದೆ. ಲಿನೇಯಸ್ ಮನಸ್ಸಿನಲ್ಲಿದ್ದದ್ದು ಯುರೋಪಿನ ರೈತರು ನಾರಿಗಾಗಿ, ಹಗ್ಗ ಹೊಸೆಯಲು ಬಿತ್ತುತ್ತಿದ್ದ ಗಿಡ. ಅಲ್ಲಿ ಅದು ನಿಜಕ್ಕೂ ಹೊಲದ ಬೆಳೆಯೇ ಆಗಿತ್ತು.

ಪದ ಹುಟ್ಟಿದ ಬಗೆ

ಮೂಲ ಕ್ರಿಯಾಪದ 'ಸೆರೋ'. ಅಂದರೆ 'ನಾನು ಬಿತ್ತುತ್ತೇನೆ'. ಇದರಿಂದ 'ಸತುಮ್' ಎಂಬ ರೂಪ ಬರುತ್ತದೆ, 'ಬಿತ್ತಿದ್ದು' ಎನ್ನುವ ಅರ್ಥಕ್ಕೆ. ಆ 'ಸತ್' ಭಾಗಕ್ಕೆ 'ಈವುಸ್' ಪ್ರತ್ಯಯ ಸೇರಿದರೆ ಸತೀವುಸ್.

ಈ ಪ್ರತ್ಯಯ ನಮಗೆ ಹೊಸದಲ್ಲ. ಇಂಗ್ಲಿಷಿಗೆ ಹೋಗಿ 'ಇವ್' ಆಗಿದೆ. 'ನಿಮ್ಮ ನೇಟಿವ್ ಯಾವುದು?' ಎಂದು ಕೇಳುತ್ತೇವಲ್ಲ, ಆ ನೇಟಿವ್ ಲ್ಯಾಟಿನ್ ನಾತೀವುಸ್. 'ಹುಟ್ಟಿದ' ಎಂಬ ಅರ್ಥದ ನಾತುಸ್‌ಗೆ ಈವುಸ್ ಸೇರಿ ಬಂದದ್ದು. ಇನ್ನೂ ಹತ್ತಿರದ ಜೋಡಿ ಬೇಕಿದ್ದರೆ ವ್ಯಾಕರಣದ ದತೀವುಸ್. ಚತುರ್ಥೀ ವಿಭಕ್ತಿಗೆ ಇಂಗ್ಲಿಷಿನಲ್ಲಿ ಡೇಟಿವ್ ಅನ್ನುತ್ತಾರೆ, ಅದರ ಮೂಲ ಇದು. ಕೊಡು ಎಂಬ ಧಾತುವಿನಿಂದ ದತುಮ್, ದತುಮ್‌ನಿಂದ ದತೀವುಸ್. ಬಿತ್ತು ಎಂಬ ಧಾತುವಿನಿಂದ ಸತುಮ್, ಸತುಮ್‌ನಿಂದ ಸತೀವುಸ್. ಅಚ್ಚು ಒಂದೇ.

ಸೆರೋದಲ್ಲಿ ರ ಇದೆ, ಸತುಮ್‌ನಲ್ಲಿ ಇಲ್ಲ. ಎಲ್ಲಿ ಹೋಯಿತು? ಅದು ಮೊದಲಿನಿಂದಲೂ ರ ಅಲ್ಲವೇ ಅಲ್ಲ, ಅದು ಸ. ಸಂಸ್ಕೃತದಲ್ಲಿ ಕೆಲವು ಧಾತುಗಳ ಮೊದಲ ಅಕ್ಷರ ಎರಡು ಸಲ ಬರುತ್ತದೆ. ದಾ ಧಾತು ದದಾತಿ ಆಗುತ್ತದೆ, ಸ್ಥಾ ಧಾತು ತಿಷ್ಠತಿ ಆಗುತ್ತದೆ. ಹಳೆಯ ಲ್ಯಾಟಿನ್‌ನಲ್ಲೂ ಹೀಗೆ ದ್ವಿತ್ವ ಬಂದು 'ಸಿಸೋ' ಎಂಬಂಥ ರೂಪ ಇತ್ತು ಎಂದು ಭಾಷಾ ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಆಮೇಲೆ ಲ್ಯಾಟಿನ್‌ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಸಕಾರ ರಕಾರ ಆಯಿತು. ಹೂವು ಎಂಬ ಅರ್ಥದ 'ಫ್ಲೋಸ್' ಷಷ್ಠಿಯಲ್ಲಿ 'ಫ್ಲೋರಿಸ್' ಆಗುವುದೂ ಇದೇ ನಿಯಮದಿಂದ. ಸಿಸೋ ಹೀಗೆ ಸೆರೋ ಆಯಿತು. ಸತುಮ್‌ನಲ್ಲಿ ದ್ವಿತ್ವವೂ ಇಲ್ಲ, ರಕಾರವೂ ಇಲ್ಲ.

ಇದೇ ಬೇರಿನ ನೆಂಟರು ನಮ್ಮ ಬಾಯಲ್ಲಿ ದಿನವೂ ಓಡಾಡುತ್ತಾರೆ. ಬೀಜಕ್ಕೆ ಲ್ಯಾಟಿನ್‌ನಲ್ಲಿ 'ಸೇಮೆನ್'. ಬೀಜ ಹಾಕಿ ಸಸಿ ಮಾಡುವ ಪಾತಿಗೆ 'ಸೇಮಿನಾರಿಯುಮ್'. ಅಲ್ಲಿಂದ ಬಂದದ್ದು ಕಾಲೇಜಿನ ಸೆಮಿನಾರ್! ಬಿತ್ತನೆಗೆ 'ಸತಿಯೋ' ಎಂಬ ನಾಮಪದ ಇತ್ತು. ಅದು ಹಳೆಯ ಫ್ರೆಂಚಿನ ಮೂಲಕ ಹಾದು ಸೀಸನ್ ಆಯಿತು. ಮಾವಿನ ಸೀಸನ್, ಮದುವೆ ಸೀಸನ್ ಎನ್ನುವಾಗ ಅದರೊಳಗೆ ಬಿತ್ತನೆ ಕಾಲ ಅಡಗಿದೆ. ಇಂಗ್ಲಿಷಿನ ಸೀಡ್ ಕೂಡ ದೂರದ ದಾಯಾದಿ.

ಇಬ್ಬರನ್ನು ಮಾತ್ರ ಈ ಮನೆಗೆ ಸೇರಿಸಬಾರದು. ಒಬ್ಬ ಶನಿ, ಅಂದರೆ ರೋಮನ್ನರ ಸಾತುರ್ನುಸ್. ಆತ ಬಿತ್ತನೆಯ ದೇವರು, ಹೆಸರು ಸತುಸ್‌ನಿಂದ ಬಂತು ಎಂದು ವಾರೋ ಎಂಬ ರೋಮನ್ ಪಂಡಿತನೇ ಬರೆದಿದ್ದಾನೆ. ಆದರೆ ದೇವರ ಹೆಸರಲ್ಲಿ ಸಾ ದೀರ್ಘ, ಬಿತ್ತನೆಯ ಪದದಲ್ಲಿ ಸ ಹ್ರಸ್ವ. ಹಾಗಾಗಿ ಈಗಿನವರು ಒಪ್ಪುವುದಿಲ್ಲ. ಇನ್ನೊಂದು ಟಿವಿ ಸೀರಿಯಲ್. ಅದರ ಮೂಲದಲ್ಲೂ 'ಸೆರೋ' ಇದೆ, ಆದರೆ ಅದು ಬೇರೆ ಸೆರೋ, 'ಪೋಣಿಸು' ಎಂಬ ಅರ್ಥದ್ದು. ಉಚ್ಚಾರ ಒಂದೇ, ಧಾತು ಬೇರೆ.

ಬಾಲ ಬದಲಾಗುವುದು ಯಾಕೆ

ಕನ್ನಡದ ಗುಣವಾಚಕ ಯಾರಿಗೂ ಬಗ್ಗುವುದಿಲ್ಲ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರ. ಪದ ಇದ್ದ ಹಾಗೇ ಇರುತ್ತದೆ. ಅದೇ ಪದ ಒಬ್ಬಂಟಿಯಾಗಿ ನಿಂತಾಗ ಮಾತ್ರ ದೊಡ್ಡವನು, ದೊಡ್ಡವಳು, ದೊಡ್ಡದು ಎಂದು ಲಿಂಗ ತೋರಿಸುತ್ತದೆ.

ಲ್ಯಾಟಿನ್ ಗುಣವಾಚಕ ನಾಮಪದದ ಪಕ್ಕ ನಿಂತಾಗಲೂ ಲಿಂಗ ತೋರಿಸಲೇಬೇಕು. ಲಿಂಗ ಮಾತ್ರವಲ್ಲ, ವಚನ, ವಿಭಕ್ತಿ ಮೂರನ್ನೂ. ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ಈ ಶ್ಲೋಕ ನೆನಪಿರಬಹುದು: 'ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ, ತಲ್ಲಿಂಗಂ ತದ್ವಚನಂ ಸೈವ ವಿಭಕ್ತಿರ್ವಿಶೇಷಣಸ್ಯಾಪಿ.' ವಿಶೇಷ್ಯಕ್ಕೆ ಯಾವ ಲಿಂಗ, ವಚನ, ವಿಭಕ್ತಿಯೋ ವಿಶೇಷಣಕ್ಕೂ ಅವೇ. ಲ್ಯಾಟಿನ್ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ.

ಹಾಗಾಗಿ ಮೊದಲ ಪದ ಪುಲ್ಲಿಂಗವಾದರೆ ಸತೀವುಸ್, ಸ್ತ್ರೀಲಿಂಗವಾದರೆ ಸತೀವ, ನಪುಂಸಕವಾದರೆ ಸತೀವುಮ್. ಕ್ರೊಕುಸ್ ಪುಲ್ಲಿಂಗ, ಒರೀಜ ಸ್ತ್ರೀಲಿಂಗ, ಅಲ್ಲಿಯುಮ್ ನಪುಂಸಕ. ಇಲ್ಲಿ ಎಡವಬಾರದ ಒಂದು ಜಾಗವಿದೆ. ಈ ಲಿಂಗ ಪದದ್ದು, ಗಿಡದ್ದಲ್ಲ. ಭತ್ತದ ಗಿಡ ಹೆಣ್ಣು ಅಂತ ಯಾರೂ ಹೇಳುತ್ತಿಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕ ಆದಂತೆಯೇ ಇದು ಬರೀ ವ್ಯಾಕರಣದ ಲಿಂಗ.

ಬಹಳಷ್ಟು ಕಡೆ ಎರಡೂ ಪದಗಳ ಬಾಲ ಒಂದೇ ಥರ ಕೇಳಿಸುತ್ತದೆ: ರಫನುಸ್ ಸತೀವುಸ್, ಲಕ್ತೂಕ ಸತೀವ, ಪೀಸುಮ್ ಸತೀವುಮ್. ಇದನ್ನು ನೋಡಿ 'ಪ್ರಾಸ ಹೊಂದಿಸಿದರೆ ಆಯಿತು' ಎಂದುಕೊಳ್ಳುವವರೇ ಜಾಸ್ತಿ. ಅಲ್ಲೇ ಎಡವಟ್ಟು.

ಕುಕುಮಿಸ್ ಮತ್ತು ಕನ್ನಬಿಸ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ 'ಇಸ್' ಎಂದೇ ಮುಗಿಯುತ್ತವೆ. ಪ್ರಾಸದ ಲೆಕ್ಕ ಹಿಡಿದರೆ ಎರಡಕ್ಕೂ ಒಂದೇ ರೂಪ ಬರಬೇಕು. ಆದರೆ ಸೌತೆ ಕುಕುಮಿಸ್ ಸತೀವುಸ್, ಗಾಂಜಾ ಕನ್ನಬಿಸ್ ಸತೀವ. ಕುಕುಮಿಸ್ ಲ್ಯಾಟಿನ್‌ನಲ್ಲಿ ಪುಲ್ಲಿಂಗ, ಕನ್ನಬಿಸ್ ಸ್ತ್ರೀಲಿಂಗ. ಹೊಂದಬೇಕಾದದ್ದು ಸದ್ದಲ್ಲ, ಲಿಂಗ.

ಮರಗಳಲ್ಲಿ ಇನ್ನೂ ಸ್ವಾರಸ್ಯ ಇದೆ. 'ಉಸ್' ಎಂದು ಮುಗಿಯುವ ಪದ ಸಾಮಾನ್ಯವಾಗಿ ಪುಲ್ಲಿಂಗ. ಆದರೆ ರೋಮನ್ನರು ಮರಗಳ ಹೆಸರನ್ನು ಸ್ತ್ರೀಲಿಂಗವಾಗಿ ಬಳಸುತ್ತಿದ್ದರು, ಕೊನೆಯಲ್ಲಿ ಉಸ್ ಇದ್ದರೂ. ಅದಕ್ಕೇ ಅಶ್ವತ್ಥ ಫೀಕುಸ್ ರೆಲಿಗಿಯೋಸ, ಅತ್ತಿ ಫೀಕುಸ್ ರಸೆಮೋಸ. ಹುಣಸೆ ತಮರಿಂಡುಸ್ ಇಂಡಿಕ. ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆ ಮೊರುಸ್ ಆಲ್ಬ. ಅದೇ 'ಬಿಳಿ' ಎಂಬ ಗುಣವಾಚಕ ಶ್ರೀಗಂಧದ ಪಕ್ಕ ಬಂದಾಗ ಸಂತಲುಮ್ ಆಲ್ಬುಮ್ ಆಗುತ್ತದೆ, ಯಾಕೆಂದರೆ ಸಂತಲುಮ್ ನಪುಂಸಕ. ಮದುವೆ ಫೋಟೋ ಇಡುವ ಆಲ್ಬಮ್ ಕೂಡ ಇದೇ ಪದ. ರೋಮಿನಲ್ಲಿ ಸಾರ್ವಜನಿಕ ಪ್ರಕಟಣೆ ಬರೆಯುತ್ತಿದ್ದ ಬಿಳಿ ಹಲಗೆಗೆ ಆಲ್ಬುಮ್ ಅನ್ನುತ್ತಿದ್ದರು. ಇನ್ನು ಹಲಸು ಮಾತ್ರ ಅರ್ಟೊಕಾರ್ಪುಸ್ ಹೆಟೆರೊಫಿಲ್ಲುಸ್, ಪುಲ್ಲಿಂಗ. 'ಕಾರ್ಪುಸ್' ಎಂದು ಮುಗಿಯುವ ಕುಲದ ಹೆಸರುಗಳನ್ನು ಪುಲ್ಲಿಂಗವಾಗಿ ಬಳಸಬೇಕು ಎಂದು ಸಸ್ಯನಾಮಗಳ ಅಂತರರಾಷ್ಟ್ರೀಯ ನಿಯಮಾವಳಿ ಹೇಳುತ್ತದೆ.

ಈರುಳ್ಳಿ ಯಾಕೆ ಬಗ್ಗಲಿಲ್ಲ, ಕ್ಯಾರೆಟ್ ಯಾಕೆ ಬಗ್ಗಿತು

ಬೆಳ್ಳುಳ್ಳಿ ಅಲ್ಲಿಯುಮ್ ಸತೀವುಮ್. ಅದೇ ಕುಲದ ಈರುಳ್ಳಿ ಅಲ್ಲಿಯುಮ್ ಸೇಪ. ನಿಯಮದ ಪ್ರಕಾರ 'ಸೇಪುಮ್' ಆಗಬೇಕಿತ್ತಲ್ಲ? ಆಗುವುದಿಲ್ಲ, ಯಾಕೆಂದರೆ ಸೇಪ ಗುಣವಾಚಕ ಅಲ್ಲ. ಅದು ಲ್ಯಾಟಿನ್‌ನಲ್ಲಿ ಈರುಳ್ಳಿಗೆ ಇದ್ದ ಹೆಸರೇ. ನಾಮಪದದ ಪಕ್ಕ ಇನ್ನೊಂದು ನಾಮಪದ ನಿಂತರೆ ಅದು ತನ್ನ ಲಿಂಗ ಬಿಟ್ಟುಕೊಡಬೇಕಾಗಿಲ್ಲ. ಅಡಿಕೆಯ ಅರೇಕ ಕಟೆಚು, ಬದನೆಯ ಸೋಲಾನುಮ್ ಮೆಲೊಂಗೇನ ಇವೂ ಇದೇ ಗುಂಪು. ಕಬ್ಬಿನದು ಮೂರನೆಯ ಬಗೆ: ಸಕ್ಕಾರುಮ್ ಒಫಿಸಿನಾರುಮ್. ಕೊನೆಯಲ್ಲಿ 'ಉಮ್' ಕೇಳಿ ಮೋಸ ಹೋಗಬಾರದು. ಅದು ಷಷ್ಠೀ ಬಹುವಚನ, 'ಔಷಧಿ ಅಂಗಡಿಗಳ' ಎಂದು ಅರ್ಥ. ಅದಕ್ಕೂ ಸಕ್ಕಾರುಮ್‌ನ ಲಿಂಗಕ್ಕೂ ಸಂಬಂಧವಿಲ್ಲ.

ಕ್ಯಾರೆಟ್ಟಿನ ಪೂರ್ತಿ ಹೆಸರು ಈ ಇಡೀ ಪಾಠವನ್ನು ಒಂದೇ ಸಾಲಲ್ಲಿ ಪರೀಕ್ಷೆ ಮಾಡುತ್ತದೆ. ದೌಕುಸ್ ಕರೋತ ಎನ್ನುವುದು ಪ್ರಭೇದದ ಹೆಸರು, ಅದರಲ್ಲಿ ಕಾಡು ಕ್ಯಾರೆಟ್ಟೂ ಸೇರಿದೆ. ನಾವು ತಿನ್ನುವ ಕ್ಯಾರೆಟ್ ಅದರ ಒಂದು ಉಪಪ್ರಭೇದ, ಹೆಸರು 'ಸತೀವುಸ್'. ಅಂದರೆ ದೌಕುಸ್ ಕರೋತ, ಉಪಪ್ರಭೇದ ಸತೀವುಸ್. ಪಕ್ಕದಲ್ಲೇ ಇರುವ ಕರೋತ ನೋಡಿ 'ಸತೀವ' ಅನ್ನಬೇಕು ಎನಿಸುತ್ತದೆ. ಆದರೆ ಕರೋತ ನಾಮಪದ, ಅದು ತನ್ನ ಪಾಡಿಗೆ ನಿಂತಿದೆ. ಸತೀವುಸ್ ಅದನ್ನು ದಾಟಿ ಹೋಗಿ ತಲೆಯಲ್ಲಿರುವ ದೌಕುಸ್‌ಗೆ ಹೊಂದಿಕೊಳ್ಳುತ್ತದೆ. ದೌಕುಸ್ ಪುಲ್ಲಿಂಗ.

ಉಳಿದ ವಿಭಕ್ತಿಗಳು

ಮೂರು ಲಿಂಗ, ಎರಡು ವಚನ, ಸಂಬೋಧನೆಯೂ ಸೇರಿ ಆರು ವಿಭಕ್ತಿ. ಒಟ್ಟು 36 ಖಾನೆ. ಬರಹದಲ್ಲಿ ಒಂದೇ ರೂಪ ಹಲವು ಖಾನೆಗಳಲ್ಲಿ ಬರುವುದರಿಂದ ಬೇರೆ ಬೇರೆ ರೂಪಗಳು ಇರುವುದು 13 ಮಾತ್ರ. ಗಿಡದ ಹೆಸರಿಗೆ ಇವುಗಳಲ್ಲಿ ಮೂರು ಸಾಕು, ಯಾಕೆಂದರೆ ಕುಲದ ಹೆಸರು ಯಾವಾಗಲೂ ಪ್ರಥಮಾ ಏಕವಚನದಲ್ಲಿ ಇರುತ್ತದೆ.

ಉಳಿದ ರೂಪಗಳನ್ನು ನೋಡಬೇಕು ಎಂದರೆ ಔಷಧಿಗಳ ಲ್ಯಾಟಿನ್ ಹೆಸರಿಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತಂದ ಔಷಧೀಯ ಸಸ್ಯಗಳ ಮೊದಲ ಸಂಪುಟದಲ್ಲಿ ಬೆಳ್ಳುಳ್ಳಿಯ ಅಧ್ಯಾಯಕ್ಕೆ 'ಬುಲ್ಬುಸ್ ಅಲ್ಲಿಯೀ ಸತೀವೀ' ಎಂಬ ತಲೆಬರಹ ಇದೆ. ಬೆಳ್ಳುಳ್ಳಿಯ ಗೆಡ್ಡೆ ಎಂದು ಅರ್ಥ. ಅಲ್ಲಿಯುಮ್ ಷಷ್ಠಿಗೆ ಹೋದ ತಕ್ಷಣ ಸತೀವುಮ್ ಕೂಡ ಸತೀವೀ ಆಗಿ ಹಿಂದೆ ನಡೆದಿದೆ. ಅದೇ ಸಂಪುಟದ ಈರುಳ್ಳಿ 'ಬುಲ್ಬುಸ್ ಅಲ್ಲಿಯೀ ಸೇಪೈ'. ಲಿಂಗ ಬಿಟ್ಟುಕೊಡದ ಸೇಪ ವಿಭಕ್ತಿಯಲ್ಲಿ ಮಾತ್ರ ರಾಜಿಯಾಗಿದೆ.

ಗಿಡ ಕುಲ ಬದಲಿಸಿದಾಗ

ಸಸ್ಯವಿಜ್ಞಾನಿಗಳು ಆಗಾಗ ಒಂದು ಗಿಡವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸೇರಿಸುತ್ತಾರೆ. ಆಗ ಎರಡನೆಯ ಪದ ಜೊತೆಗೇ ಹೋಗುತ್ತದೆ, ಬಾಲ ಮಾತ್ರ ಹೊಸ ಮನೆಗೆ ತಕ್ಕಂತೆ ಬದಲಾಗುತ್ತದೆ. ಕಲ್ಲಂಗಡಿಯ ಹೆಸರು ಮೊದಲು ಹಾಗಲದ ಕುಲದಲ್ಲಿ ಮೊಮೊರ್ಡಿಕ ಲಾನಾತ ಎಂದಿತ್ತು. ಈಗ ಸಿಟ್ರುಲ್ಲುಸ್ ಲಾನಾತುಸ್. ಯಾರಾದರೂ ತಪ್ಪು ಬಾಲ ಹಾಕಿ ಪ್ರಕಟಿಸಿದ್ದರೆ ಅದನ್ನು ಸರಿಪಡಿಸಬೇಕು ಎಂದೂ ನಿಯಮಾವಳಿ ಹೇಳುತ್ತದೆ.

ಬಟಾಣಿಯ ಕೇಸು ಇನ್ನೂ ಬಿಸಿಯಾಗಿದೆ. ಬಟಾಣಿಯನ್ನು ಕೇಸರಿ ಬೇಳೆಯ ಕುಲವಾದ ಲಥಿರುಸ್‌ಗೆ ಸೇರಿಸಬೇಕು ಎಂದು ಹಲವು ತಜ್ಞರು ಹೇಳುತ್ತಾರೆ. ಸೇರಿಸಿದರೆ ಹೆಸರು 'ಲಥಿರುಸ್ ಸತೀವುಸ್' ಆಗಬೇಕು. ಆದರೆ ಆ ಹೆಸರು 1753ರಿಂದಲೇ ಕೇಸರಿ ಬೇಳೆಯದು. ಒಂದೇ ಹೆಸರು ಇಬ್ಬರಿಗೆ ಇಡುವಂತಿಲ್ಲ. ಹೀಗಾಗಿ ಫ್ರಾನ್ಸಿನ ಲಾಮಾರ್ಕ್ ಹಿಂದೆಯೇ ಕೊಟ್ಟಿದ್ದ 'ಲಥಿರುಸ್ ಒಲೆರಾಸೆಯುಸ್' ಎಂಬ ಹೆಸರನ್ನು ಹಿಡಿದಿದ್ದಾರೆ. ಒಲೆರಾಸೆಯುಸ್ ಎಂದರೆ ತರಕಾರಿಯ ಜಾತಿಯದು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪಟ್ಟಿಯಲ್ಲಿ ಈಗ ಬಟಾಣಿ ಈ ಹೆಸರಿನಲ್ಲಿದೆ. ಪಠ್ಯಪುಸ್ತಕ, ಪರೀಕ್ಷೆಗಳಲ್ಲಿ ಪೀಸುಮ್ ಸತೀವುಮ್ ಎಂದೇ ಇದೆ. ಪರೀಕ್ಷೆಗೆ ಕೂರುವವರು ಅದನ್ನೇ ಬರೆಯಿರಿ.

ಗಾಂಜಾದ 'ಸಟೈವಾ' ಮತ್ತು 'ಇಂಡಿಕಾ'

ಲಿನೇಯಸ್ ಕನ್ನಬಿಸ್‌ನಲ್ಲಿ ಗುರುತಿಸಿದ್ದು ಸತೀವ ಒಂದನ್ನೇ. 1785ರಲ್ಲಿ ಅದೇ ಲಾಮಾರ್ಕ್ ಭಾರತದಿಂದ ಬಂದ ಗಿಡ ನೋಡಿ ಅದು ಬೇರೆ ಎಂದು ಕನ್ನಬಿಸ್ ಇಂಡಿಕ ಎಂದು ಹೆಸರಿಟ್ಟ. ಇಂಡಿಕ ಎಂದರೆ 'ಭಾರತದ'. ಮಾವಿನ ಮಂಗಿಫೆರ ಇಂಡಿಕ, ಬೇವಿನ ಅಜಾಡಿರಾಕ್ಟ ಇಂಡಿಕ, ಎಲ್ಲದರಲ್ಲೂ ಇರುವ ಅದೇ ಇಂಡಿಕ. 1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯವಿಜ್ಞಾನಿಗಳು ಇವು ಒಂದೇ ಪ್ರಭೇದದ ಎರಡು ಉಪಪ್ರಭೇದಗಳು ಎಂದರು. ವಾದ ಇನ್ನೂ ನಡೆಯುತ್ತಿದೆ.

ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಇರುವ ದೇಶಗಳ ಅಂಗಡಿಗಳಲ್ಲಿ ಈ ಎರಡು ಗುಣವಾಚಕಗಳು ನಾಮಪದಗಳಾಗಿಬಿಟ್ಟಿವೆ. ಇದು ಚುರುಕು ಕೊಡುವ 'ಸಟೈವಾ', ಅದು ನಿದ್ದೆ ತರಿಸುವ 'ಇಂಡಿಕಾ' ಎಂದು ಚೀಟಿ ಅಂಟಿಸುತ್ತಾರೆ. ಪದಗಳಲ್ಲಿ ಅಂಥ ಅರ್ಥ ಎಳ್ಳಷ್ಟೂ ಇಲ್ಲ. ಒಂದು 'ಬೆಳೆಸಿದ', ಇನ್ನೊಂದು 'ಭಾರತದ'. ಇಂಟರ್ನೆಟ್ಟಿನಲ್ಲಿ ಬರೀ ಸಟೈವಾ ಎಂದರೆ ಗಾಂಜಾ ಎಂದು ಆಗಿರುವುದು ಈ ಅಂಗಡಿ ಭಾಷೆಯಿಂದ. ಡಬ್ಬಿಯ ಮೇಲೆ ಓದುವಾಗ ನೋಡಬೇಕಾದದ್ದು ಮೊದಲ ಪದವನ್ನು. ಒರೀಜ ಇದ್ದರೆ ಅಕ್ಕಿ, ಕುಕುಮಿಸ್ ಇದ್ದರೆ ಸೌತೆ, ನಿಗೆಲ್ಲ ಇದ್ದರೆ ಕಲೋಂಜಿ, ಅವೇನ ಇದ್ದರೆ ಓಟ್ಸ್. ಕನ್ನಬಿಸ್ ಇದ್ದರೆ ಮಾತ್ರ ಗಾಂಜಾ ಗಿಡ.

ಬರೆಯುವಾಗ

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಾದರೆ ಕುಲದ ಹೆಸರಿನ ಮೊದಲ ಅಕ್ಷರ ದೊಡ್ಡದು, ಎರಡನೆಯ ಪದ ಪೂರ್ತಿ ಸಣ್ಣ ಅಕ್ಷರದಲ್ಲಿ. ಅಚ್ಚಿನಲ್ಲಿ ಎರಡೂ ಪದ ಓರೆ ಅಕ್ಷರದಲ್ಲಿ ಇರಬೇಕು. ಕೈಬರಹದಲ್ಲಿ ಓರೆ ತೋರಿಸಲಾಗದು, ಅದಕ್ಕೆ ಅಡಿಗೆರೆ ಎಳೆಯುತ್ತಾರೆ. ಎರಡು ಪದಕ್ಕೂ ಸೇರಿಸಿ ಒಂದೇ ಉದ್ದ ಗೆರೆ ಎಳೆಯುವಂತಿಲ್ಲ, ಒಂದೊಂದು ಪದಕ್ಕೂ ಬೇರೆ ಬೇರೆ ಗೆರೆ. ಹೆಸರಿನ ಕೊನೆಗೆ ಬರುವ ಒಂಟಿ 'ಎಲ್' ಅಕ್ಷರ ಲಿನೇಯಸ್‌ನದು. ಅದನ್ನು ಓರೆ ಮಾಡುವುದೂ ಇಲ್ಲ, ಅದಕ್ಕೆ ಅಡಿಗೆರೆಯೂ ಬೇಡ.